ಭಾಯಿ ಹುಡುಕಿದ ಸೋರಿಕೆ

ಮೊನ್ನೆ ಕಟಿಂಗ್ ಶಾಪಿನಲ್ಲಿ ಕೆಲಸ ಮುಗಿಸಿದವನು ನನ್ನ ಕುತ್ತಿಗೆಗೆ ಒಂದಿಷ್ಟು ಪೌಡರ್ ಬಡಿದ. ಅಗ್ಗದ ಪೌಡರ್, ಮಲ್ಲಿಗೆ ವಾಸನೆಯದು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹಿಂದೆಯೇ ಡೀಸೆಲ್ಲಿನದೂ ಸುಟ್ಟ ಆಯಿಲಿನದೂ ವಾಸನೆ ಬಂದ ಹಾಗಾಯಿತು. ಆ ಅಂಗಡಿಯಲ್ಲಿ ಎರಡೂ ಇರಲಿಲ್ಲ. ಅವು ಇದ್ದದ್ದು ತಿಪಟೂರಿನ ಒಂದು ತಗಡಿನ ಶೆಡ್ಡಿನಲ್ಲಿ, ಕೆಲವು ವರ್ಷಗಳ ಹಿಂದೆ...

ಆ ಶೆಡ್ಡಿನ ಮೆಕ್ಯಾನಿಕ್ಕನ್ನು ಎಲ್ಲರೂ ಭಾಯಿ ಅಂತಲೇ ಕರೆಯುತ್ತಿದ್ದರು. ನನಗಿಂತ ಸಾಕಷ್ಟು ದೊಡ್ಡವರು, ಮಾತು ಕಮ್ಮಿ. ಎಂಜಿನ್ ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯಲು ಅವರದೊಂದು ಪದ್ಧತಿ ಇತ್ತು. ಎಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಮೈತುಂಬ ಪೌಡರ್ ಉದುರಿಸಿ ಸ್ಟಾರ್ಟ್ ಮಾಡುತ್ತಿದ್ದರು. ಆಮೇಲೆ ಟೀ ಲೋಟ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಪೌಡರ್ ಎಲ್ಲಿ ಮೊದಲು ಕಪ್ಪಗಾಗುತ್ತದೋ ಅಲ್ಲೇ ಸೋರಿಕೆ.

ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟ ಕಾಲ ಅದು. ನಮ್ಮದು ಹೊನ್ನವಳ್ಳಿ ಕಡೆ ತೋಟದ ಮನೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ತಿಪಟೂರಿಗೆ ಹೋಗಬೇಕು. ಅವಳ ಸರದಿ ಬೆಳಗಿನ ಮೊದಲನೆಯದು, ಅಷ್ಟು ಬೇಗ ನಮಗೆ ಬಸ್ಸಿಲ್ಲ. ಇದ್ದದ್ದು ನನ್ನ ಹಳೇ ಬೈಕೊಂದೇ. ಹಾಳಾದ್ದು, ಸೋರಲು ಅದೇ ಹೊತ್ತನ್ನು ನೋಡಿಕೊಂಡಿತ್ತು!

ಭಾಯಿ ಪೌಡರ್ ಹಾಕಿ ನೋಡಿದರು. ಬಲಗಡೆ ಕ್ಲಚ್ ಕವರಿನ ಕೆಳಗೆ ಒದ್ದೆ. ಕವರಿಗೂ ಎಂಜಿನ್ನಿಗೂ ನಡುವೆ ತೆಳು ರಟ್ಟಿನಂಥ ಪ್ಯಾಕಿಂಗ್ ಇರುತ್ತದೆ, ಅದು ಹೋಗಿದೆ ಅಂತ ಹೊಸದು ಹಾಕಿದರು. ಸ್ವಲ್ಪ ದಿನಕ್ಕೇ ಮತ್ತೆ ತೊಟ್ಟಿಕ್ಕಿತು. ಮತ್ತೆ ಬಿಚ್ಚಿದರು, ಮತ್ತೆ ಹೊಸದು, ಮತ್ತೆ ಅದೇ ಜಾಗ ಒದ್ದೆ. ಬೇರೆ ಕಡೆ ತೋರಿಸಬಹುದಿತ್ತಲ್ಲ ಅನ್ನಬೇಡಿ. ತೋರಿಸಿದೆ. ಇಡೀ ಎಂಜಿನ್ ಇಳಿಸಬೇಕು, ಒಂದು ವಾರ ಬಿಟ್ಟು ಹೋಗಿ ಅಂದ ಆ ಪುಣ್ಯಾತ್ಮ. ಒಂದು ವಾರ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಲೇ ನಾನು?

ಸೀಟಿನ ಪಕ್ಕದ ಚೀಲದಲ್ಲಿ ಆಯಿಲ್ ಬಾಟಲಿ ಇಟ್ಟುಕೊಂಡು ಓಡಾಡಿದೆ. ಆದರೂ ಒಂದು ಬೆಳಿಗ್ಗೆ ಅರ್ಧ ದಾರಿಯಲ್ಲಿ ಎಂಜಿನ್ ಕಟಕಟ ಅನ್ನತೊಡಗಿತು. ಇಳಿದು ನೋಡಿದರೆ ಆಯಿಲೆಲ್ಲ ನನ್ನ ಪ್ಯಾಂಟಿನ ಮೇಲಿತ್ತು, ಬಾಟಲಿಯಲ್ಲಿ ತಳದಲ್ಲಷ್ಟೇ ಉಳಿದಿತ್ತು. ಸುತ್ತ ತೋಟ ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ನಾನು ಬೈಕಿಗೆ ಒದ್ದೆ, ಬಾಯಿಗೆ ಬಂದ ಹಾಗೆ ಬೈದೆ. ಅವಳು ರಸ್ತೆ ಬದಿಯ ತೆಂಗಿನ ಮಟ್ಟೆ ರಾಶಿಗೆ ಒರಗಿ ಕೂತು, ಊದಿದ ಕಾಲಿಗೆ ಸೀರೆ ಎಳೆದುಕೊಂಡಳು.

"ಕೂಗಾಡ್ಬ್ಯಾಡ್ರೀ, ಯಾವ್ದಾದ್ರೂ ಗಾಡಿ ಬತ್ತದೆ" ಅಂದಳು.

ಬಂತು, ಕಾಯಿ ತುಂಬಿದ ಟೆಂಪೊ. ಬೈಕನ್ನೂ ಅದರ ಮೇಲೇ ಹೇರಿಕೊಂಡು ಹೋದೆವು. ಅಷ್ಟರಲ್ಲಿ ಆಸ್ಪತ್ರೆಯವರು ಅವಳ ಜಾಗದಲ್ಲಿ ಇನ್ನೊಬ್ಬರನ್ನು ಮಲಗಿಸಿದ್ದರು. ಅವರದೇನು ತಪ್ಪು, ಕಾಯುವವರು ಎಷ್ಟೋ ಜನ. ನಾಳೆ ಬನ್ನಿ ಅಂದರು. ಬೈಕನ್ನು ಭಾಯಿಯ ಶೆಡ್ಡಿನ ಮುಂದೆ ನಿಲ್ಲಿಸಿ ಬಸ್ಸಿನಲ್ಲಿ ಊರಿಗೆ ಬಂದೆವು. ಅವಳಿಗೆ ಮಲಗಲಾಗಲಿಲ್ಲ. ಗೋಡೆಗೆ ಒರಗಿ ಬೆಳಗಿನ ತನಕ ಉಸಿರು ಎಳೆದಳು. ನಾನು ಪಕ್ಕದಲ್ಲಿ ಕೂತು ದೇವರನ್ನೂ ಬೈಕನ್ನೂ ಒಟ್ಟಿಗೇ ಶಪಿಸಿದೆ...

ಮಾರನೆಯ ದಿನ ನೆಂಟರೊಬ್ಬರ ಕೈಕಾಲು ಹಿಡಿದು ಅವರ ಕಾರಿನಲ್ಲಿ ಕರೆತಂದೆ. ಅವಳನ್ನು ಒಳಗೆ ಮಲಗಿಸಿದ ಮೇಲೆ ನೆಟ್ಟಗೆ ಶೆಡ್ಡಿಗೆ ಹೋದೆ.

"ಕೆಲ್ಸ ಬರ್ದಿದ್ರೆ ಬರಲ್ಲ ಅನ್ರೀ ಭಾಯ್! ಅಲ್ಲೊಂದು ಜೀವ ಹೋಗ್ತಾ ಐತೆ!"

ಭಾಯಿ ಕೈಯಲ್ಲಿದ್ದ ಬೇರೆ ಕೆಲಸ ಬಿಟ್ಟು ನನ್ನ ಬೈಕಿನ ಕವರ್ ಬಿಚ್ಚಿದರು. ಹಳೇ ಪ್ಯಾಕಿಂಗ್ ತೆಗೆದಿಟ್ಟು, ಒಂದು ಹಿಡಿ ತೆಂಗಿನ ನಾರನ್ನು ಡೀಸೆಲ್ಲಿನಲ್ಲಿ ಅದ್ದಿ ಎಂಜಿನ್ನಿನ ಅಂಚು ತಿಕ್ಕತೊಡಗಿದರು. ನಮ್ಮ ಕಡೆ ನಾರಿಲ್ಲದೆ ಯಾವ ಕೆಲಸವೂ ಆಗದು. ಪಾತ್ರೆಗೂ ನಾರೇ, ಎಮ್ಮೆ ಮೈಗೂ ನಾರೇ, ಭಾಯಿಯ ಎಂಜಿನ್ನಿಗೂ ಅದೇ. ತಿಕ್ಕುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ನಿಧಾನಕ್ಕೆ ಎಳೆದರು. ಅಲ್ಲೊಂದು ಕಡೆ ಲೋಹ ತರಿತರಿಯಾಗಿತ್ತು. ಕೂದಲಿನಷ್ಟು ಸಣ್ಣ ನಾರಿನ ಎಳೆಯೊಂದು ಅಲ್ಲಿ ಸಿಕ್ಕಿಕೊಂಡಿತ್ತು.

ತೆಗೆದಿಟ್ಟ ಪ್ಯಾಕಿಂಗನ್ನು ಬಿಸಿಲಿಗೆ ಹಿಡಿದರು. ಅದೇ ಜಾಗದಲ್ಲಿ ಅಡ್ಡಕ್ಕೆ ಎಳೆಯ ಗುರುತು. ಕಸದಲ್ಲಿ ಕೆದಕಿ ಅದಕ್ಕಿಂತ ಹಿಂದಿನದನ್ನೂ ಹುಡುಕಿದರು. ಅದರಲ್ಲೂ ಇತ್ತು. ಪ್ರತಿ ಸಲ ಒರೆಸುವಾಗ ಒಂದು ಎಳೆ ಅಲ್ಲಿ ಉಳಿಯುತ್ತಿತ್ತು, ಅದರ ಮೇಲೇ ಹೊಸ ಪ್ಯಾಕಿಂಗ್ ಕೂರುತ್ತಿತ್ತು, ಆಯಿಲ್ ಆ ಸಂದಿನಲ್ಲಿ ಹೊರಗೆ ಬರುತ್ತಿತ್ತು.

ಭಾಯಿ ಹಣೆ ಚಚ್ಚಿಕೊಂಡರು.

"ಯಾ ಅಲ್ಲಾ... ಸೋರೋ ಹಂಗೆ ಮಾಡ್ತಿದ್ದೋನು ನಾನೇ ಕಣಪ್ಪಾ."

ತರಿಯನ್ನು ಉಜ್ಜಿ ನುಣುಪು ಮಾಡಿ, ಶುಕ್ರವಾರದ ನಮಾಜಿಗೆ ಅಂತ ಮಡಿಸಿಟ್ಟಿದ್ದ ಬಿಳಿ ಕರ್ಚೀಫು ತಂದು ಅದರಲ್ಲೇ ಒರೆಸಿದರು. ಹೊಸ ಪ್ಯಾಕಿಂಗ್ ಕೂರಿಸಿ, ಪೌಡರ್ ಹಾಕಿ ಸ್ಟಾರ್ಟ್ ಮಾಡಿದರು. ಎಷ್ಟು ಹೊತ್ತಾದರೂ ಪೌಡರ್ ಬೆಳ್ಳಗೇ ಇತ್ತು. ಆದರೆ ಅವರು ಅದನ್ನು ನೋಡುತ್ತಿರಲಿಲ್ಲ, ಆಸ್ಪತ್ರೆ ರಸ್ತೆಯ ಕಡೆ ನೋಡುತ್ತಿದ್ದರು. ಆಮೇಲೆ ಒಂದು ಸರದಿಯೂ ತಪ್ಪಲಿಲ್ಲ.

ಅವಳು ಅದಾದ ಮೇಲೆ ಒಂದು ಯುಗಾದಿ ಕಂಡಳು. ಇನ್ನೊಂದನ್ನು ಕಾಣಲಿಲ್ಲ.

ಸುದ್ದಿ ಕೇಳಿ ಭಾಯಿ ಹೊನ್ನವಳ್ಳಿವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಬಿಸಿಲಲ್ಲಿ ನಡೆದು ನಮ್ಮ ತೋಟಕ್ಕೆ ಬಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಬೇಲಿ ಹತ್ತಿರವೇ ನಿಂತರು.

"ಆವತ್ತು ಸರದಿ ತಪ್ಪೋಯ್ತಲ್ಲಪ್ಪಾ, ಅದರಿಂದ್ಲೇ..." ಅಂದರು.

"ಅದಕ್ಕಲ್ಲ ಭಾಯ್. ಡಾಕ್ಟ್ರೇ ಅಂದವ್ರೆ, ಹೃದಯ ಮೊದ್ಲೇ ಸೋತಿತ್ತಂತೆ. ನಿಮ್ಮಿಂದಲ್ಲ ಕಣ್ರೀ, ಬುಡಿ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಎಂಜಿನ್ ಮುಂದೆ ಕೂತಾಗ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ನನ್ನ ಭುಜ ತಟ್ಟಿ ಹೊರಟುಹೋದರು. ಅಂದಿನಿಂದ ಅವರು ಎಂಜಿನ್ ಬಿಚ್ಚುವುದನ್ನೇ ಬಿಟ್ಟರಂತೆ, ಬರೀ ಪಂಕ್ಚರ್ ಹಾಕುತ್ತಿದ್ದರಂತೆ. ಹೋದ ವರ್ಷ ತೀರಿಕೊಂಡರು. ಖಬರಸ್ತಾನಕ್ಕೆ ಹೋಗಿ, ಎಲ್ಲರ ಹಾಗೆ ನಾನೂ ಹಿಡಿ ಮಣ್ಣು ಹಾಕಿದೆ. ನಿಮ್ಮಿಂದಲ್ಲ ಭಾಯ್ ಅಂತ ಇನ್ನೊಂದು ಸಲ ಮನಸ್ಸಿನಲ್ಲೇ ಹೇಳಿದೆ.

ಈಗ ಇಬ್ಬರೂ ಇಲ್ಲ. ಸುಳ್ಳು ಹೇಳಿ ಯಾರನ್ನು ಮೆಚ್ಚಿಸಬೇಕು ನಾನು? ಡಾಕ್ಟರ ಮಾತು ನನಗೂ ಪೂರ್ತಿ ನಂಬಿಕೆಯಾಗಿರಲಿಲ್ಲ, ಇವತ್ತಿಗೂ ಆಗಿಲ್ಲ. ಆವತ್ತೊಂದು ದಿನ ತಪ್ಪದಿದ್ದರೆ ಅಂತ ಬೆಳಗಾದರೆ ಅನ್ನಿಸುತ್ತದೆ. ಬೇಲಿ ಹತ್ತಿರ ನಿಂತು ನನ್ನ ಮುಖದಲ್ಲಿ ಭಾಯಿ ಕಂಡದ್ದು ಅದನ್ನೇ.