ಕಂಟಕ ಕಳೆಯುವ ಮೀನು

ಥಾಣೆಯ ಘೋಡಬಂದರ್ ರಸ್ತೆಯಲ್ಲಿರುವ ಅಕ್ಕನ ಮನೆಗೆ ಹೋದರೆ ಮೊದಲು ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ಎತ್ತರದ ಮಹಡಿ, ಎದುರಿಗೆ ಸಮುದ್ರದ ಹಿನ್ನೀರಿನ ಖಾಡಿ, ಧಾರಾಳ ಗಾಳಿ. ಅದಕ್ಕೆಂದೇ ಕೊಂಡ ಫ್ಲ್ಯಾಟು. ಈಗ ಹಾಲ್‌ನ ಕಿಟಕಿ ಪರದೆಗಳನ್ನು ಹಗಲಲ್ಲೂ ಸರಿಸುವಂತಿಲ್ಲ, ಯಾಕೆಂದರೆ ಅಲ್ಲಿ ಗಾಜಿನ ತೊಟ್ಟಿಯಲ್ಲಿರುವ ಭಾವನ ಮೀನುಗಳಿಗೆ ಬೆಳಕು ಆಗುವುದಿಲ್ಲ. ಅವು ಸಮುದ್ರದ ಆಳದಲ್ಲಿ, ಬಿಸಿಲು ಸರಿಯಾಗಿ ಮುಟ್ಟದ ಕಡೆ ಬಾಳಿದವಂತೆ. ನೀರೂ ತಣ್ಣಗೇ ಇರಬೇಕಂತೆ, ಅದಕ್ಕೊಂದು ಚಿಲ್ಲರ್ ಮೂಲೆಯಲ್ಲಿ ಸದಾ ಗುರುಗುಡುತ್ತಿರುತ್ತದೆ. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಪಕ್ಕದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು, ಕೆಮಿಕಲ್ ವಾಸನೆಗೆ ಮುದುಡುವ ಮೂಗು ನನ್ನದಲ್ಲ. ಆದರೆ ಆ ಹಾಲ್‌ನಲ್ಲಿ ಉಪ್ಪುನೀರು, ಪಾಚಿ, ಮೀನಿಗೆಂದು ಕರಗಲಿಟ್ಟ ಐಸಿನ ಸೀಗಡಿ ಎಲ್ಲ ಕೂಡಿದ ಒಂದು ನಾತವಿತ್ತು. ಅದು ಸೀರೆಗೆ ಅಂಟಿಕೊಂಡು ಲೋಕಲ್ ರೈಲು ಹತ್ತಿ ನಮ್ಮ ಮನೆಯವರೆಗೂ ಬರುತ್ತಿತ್ತು.

ನಾನೇನು ಮೀನು ಮುಟ್ಟದವಳಲ್ಲ. ಬಂಗುಡೆ ಪುಳಿಮುಂಚಿ ಚಪ್ಪರಿಸುವವಳಿಗೆ ಮೀನಿನ ಮೇಲೆ ಎಂಥ ಕನಿಕರ ಎಂದು ಭಾವ ಆಗಾಗ ಹಂಗಿಸುತ್ತಿದ್ದರು. ಹಸಿವಿಗೆ ಹಿಡಿದು, ಕೊಂದು, ಬೇಯಿಸಿ ತಿನ್ನುವುದು ನನಗೆ ಅರ್ಥವಾಗುತ್ತದೆ. ಇವರದು ಬೇರೆಯೇ ಸಂಗತಿ. ಒಂದು ಭಾನುವಾರ ಊಟಕ್ಕೆ ಕೂತಾಗ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದು ವೀಡಿಯೊ ತೋರಿಸಿದರು. ವಾಶಿಯ ಮೀನು ವ್ಯಾಪಾರಿ ಕಳಿಸಿದ್ದು. ಬೆನ್ನಿಗೆ ಸಿಲಿಂಡರ್ ಕಟ್ಟಿದವನೊಬ್ಬ ಬೆರಳುದ್ದದ ಗುಲಾಬಿ ಮೀನನ್ನು ಆಳದಿಂದ ತರುತ್ತಿದ್ದಾನೆ. ಮೇಲೆ ಬಂದ ಹಾಗೆ ಅದರ ಒಳಗಿನ ಗಾಳಿ ಹಿಗ್ಗಿ ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಗೆ ಚಾಚುತ್ತದೆ. ಆಗ ಆತ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ಬಿಡುತ್ತಾನೆ. ಸಣ್ಣದೊಂದು ಗುಳ್ಳೆ ಏಳುತ್ತದೆ. ಇಡೀ ಥಾಣೆಯಲ್ಲಿ ಇಂಥದ್ದು ಇನ್ನೊಬ್ಬರ ಮನೆಯಲ್ಲಿಲ್ಲ ಎಂದು ಭಾವ ಬೀಗಿದರು. ಛೀ, ನಾನು ತಟ್ಟೆಯನ್ನು ಆಚೆ ಸರಿಸಿದೆ.

ಈ ಹುಚ್ಚು ಶುರುವಾದದ್ದು ಒಬ್ಬ ವಾಸ್ತುವಿನವನಿಂದ. ಭಾವನ ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾದಾಗ ಮನೆಯಲ್ಲಿ ಮೀನು ಸಾಕಿ ಎಂದು ಅವನು ಹೇಳಿದ. ಮೊದಲು ತಂದ ಬಡಪಾಯಿ ಗೋಲ್ಡ್‌ಫಿಶ್ ಸತ್ತಾಗ, ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ತೆಗೆದುಕೊಂಡಿತು ಎಂದ. ಅಂದಿನಿಂದ ಭಾವನ ಬಾಯಲ್ಲಿ ಮೀನು ಸಾಯುವುದೇ ನಿಂತುಹೋಯಿತು. "ಕಳೀತು" ಅನ್ನುತ್ತಿದ್ದರು. ಮೀನು ಎಷ್ಟು ಅಪರೂಪವೋ ಅಷ್ಟು ದೊಡ್ಡ ಕಂಟಕ ಕಳೆಯುತ್ತದೆ ಎನ್ನುವುದು ಅವರದೇ ಲೆಕ್ಕ. ಹುಚ್ಚು ಮುಂಡೆ ಮದುವೇಲಿ ಉಂಡವನೇ ಜಾಣ ಅಂತಾರಲ್ಲ, ವಾಶಿಯವನು ಚೆನ್ನಾಗಿಯೇ ಉಂಡ. ಆಳದ ಮೀನುಗಳು ಒಂದಾದ ಮೇಲೊಂದು ಬಂದವು, ಒಂದಾದ ಮೇಲೊಂದು ಹೊಟ್ಟೆ ಮೇಲಾಗಿ ತೇಲಿದವು. ಭಾವ ಪ್ರತಿಯೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ ಖಾಡಿಗೆ ಬಿಟ್ಟು ಬರುತ್ತಿದ್ದರು, ಬಂದು ಕೈ ತೊಳೆದು ಅಂಜಲ್ ಮೀನಿನ ಫ್ರೈಗೆ ಕೂರುತ್ತಿದ್ದರು. ಅಕ್ಕನ ಮಗಳನ್ನು ನಾನು ಕನ್ನಡದಲ್ಲಿ ವಿಚಾರಿಸಿದರೆ ಅವಳು ಹಿಂದಿಯಲ್ಲಿ, ಪಪ್ಪಾ ಕೋ ಕೌನ್ ಸಮ್‌ಝಾಯೇ, ಪಪ್ಪನಿಗೆ ಯಾರು ತಿಳಿಹೇಳುವುದು, ಎಂದು ಕೋಣೆ ಸೇರಿಬಿಡುತ್ತಿದ್ದಳು.

ಇದನ್ನೆಲ್ಲ ನಕ್ಕು ಬಿಡಬಹುದಿತ್ತು. ಆದರೆ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿಸಿದರೆ ಅದು ಕೆಟ್ಟ ಗಂಟೇ. ಬೇಗ ಗೊತ್ತಾಗಿದೆ, ತಡಮಾಡದೆ ಆಪರೇಷನ್ ಮಾಡಿಸಿದರೆ ಉಳಿಯುತ್ತಾರೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಭಾವ ಅಲ್ಲಿ ತಲೆಯಾಡಿಸಿ, ಅಲ್ಲಿಂದ ನೇರ ವಾಶಿಗೆ ಹೋದರು. ಅದುವರೆಗೆ ತಂದ ಎಲ್ಲಕ್ಕಿಂತ ಅಪರೂಪದ್ದೊಂದನ್ನು ಅಕ್ಕನ ಹೆಸರಿನಲ್ಲಿ ತಂದು ತೊಟ್ಟಿಗೆ ಬಿಟ್ಟರು. ಆಪರೇಷನ್ ಬೇಡ ಎಂದು ಅವರು ಹೇಳಲಿಲ್ಲ. ಮೊದಲು ಕಂಟಕ ಕಳೆಯಲಿ, ಆಮೇಲೆ ಚಾಕುವೇ ಬೇಕಾಗಲಿಕ್ಕಿಲ್ಲ ಎಂದರು.

ಆದರೆ ಈ ಮೀನು ಸಾಯಲಿಲ್ಲ.

ಉಳಿದವೆಲ್ಲ ಬೇಗ ಬೇಗ ಹೋದವು. ಇದೊಂದು ಮಾತ್ರ ಕೊಟ್ಟದ್ದನ್ನೆಲ್ಲ ತಿಂದು, ಬಣ್ಣ ಏರಿ, ಮದುಮಗಳ ಹಾಗೆ ಮಿರುಗತೊಡಗಿತು. ಭಾವನ ಗೆಳೆಯರು, ಬೇರೆ ಬೆಳಕು ಅದಕ್ಕೆ ಆಗದೆಂದು, ಕೆಂಪು ಟಾರ್ಚು ಹಿಡಿದು ನೋಡಲು ಬಂದರು. ಭಾವನಿಗೆ ಹೆಮ್ಮೆಪಡಬೇಕೋ ಹೆದರಬೇಕೋ ತಿಳಿಯದೆ, ಗೆಳೆಯರ ಮುಂದೆ ಹಲ್ಲು ಕಿರಿದು, ಅಡುಗೆಮನೆಗೆ ಬಂದು ಮುಖ ಸಪ್ಪೆ ಮಾಡುತ್ತಿದ್ದರು. ಅಷ್ಟರಲ್ಲಿ ಆಪರೇಷನ್ನಿನ ದಿನ ಒಮ್ಮೆ ಮುಂದೆ ಹೋಯಿತು. ಮುಂದೆ ಹಾಕಿಸಿದ್ದು ಭಾವನಲ್ಲ, ಅಕ್ಕನೇ ಎಂದು ಗೊತ್ತಾದಾಗ ನನಗೆ ಕೋಪ ನೆತ್ತಿಗೇರಿತು.

ಎರಡನೇ ಸಲ ಅಡ್ಮಿಟ್ ಆಗಬೇಕಿದ್ದ ದಿನ ಬ್ಯಾಂಕಿಗೆ ರಜೆ ಹಾಕಿ ಹೋದೆ. ಹೊರಗೆ ತಲೆ ಸಿಡಿಯುವ ಬಿಸಿಲು. ಭಾವ ಹೋಟೆಲಿನಲ್ಲಿದ್ದರು, ನೇರ ಆಸ್ಪತ್ರೆಗೆ ಬರುವವರಿದ್ದರು. ಅಕ್ಕ ಆ ತಣ್ಣಗಿನ ಕತ್ತಲೆಯಲ್ಲಿ ಶಾಲು ಹೊದ್ದು, ಗಾಜಿನ ಮುಂದೆ ಕೂತಿದ್ದಳು. ಬ್ಯಾಗು ಕಾಲ ಬಳಿ ಇತ್ತು. ಹೊರಡು, ರಿಕ್ಷಾ ನಿಲ್ಲಿಸಿದ್ದೇನೆ ಎಂದೆ.

"ಇವತ್ತೂ ಸಾಯ್ಲಿಲ್ಲ ಮಾರಾಯ್ತಿ" ಎಂದಳು.

ಸಕ್ಕರೆ ಡಬ್ಬಿಗೆ ಇರುವೆ ಬಂದರೆ ಕೊಲ್ಲಲು ಮನಸ್ಸಾಗದೆ, ಬಿಸಿಲಿಗಿಟ್ಟು ಅವು ಹೋಗುವವರೆಗೆ ಕಾಯುತ್ತಿದ್ದವಳು ನನ್ನಕ್ಕ. ಈಗ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ, ಅದು ಮಗುಚಿಕೊಂಡಿದೆಯೇ ಎಂದು ನೋಡಲು ಬರುತ್ತಾಳಂತೆ. ಅವಳೇ ಹೇಳಿದಳು, ನಾಚಿಕೆಯೂ ಇಲ್ಲದೆ. ನಾನು ಬಾಯಿಗೆ ಬಂದ ಹಾಗೆ ಬೈದೆ. ಡಿಗ್ರಿ ಮಾಡಿದವಳು, ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿದವಳು ಆಡುವ ಮಾತೇ ಇದು ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನೀನು ಹೇಳುದೆಲ್ಲ ಸರಿ ಉಂಟು. ಆದ್ರೆ ಇದು ಹೀಗೆ ತಿರುಗ್ತಾ ಇರುವಾಗ ನನಗೆ ಅಲ್ಲಿ ಹೋಗಿ ಮಲಗ್ಲಿಕ್ಕೆ ಆಗುದಿಲ್ಲ. ಆ ಚಿಲ್ಲರ್ ಆಫ್ ಮಾಡು. ನನ್ನ ಕೈಯಿಂದ ಆಗುದಿಲ್ಲ."

ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು, ತಿನ್ನಲು ಕೊಡುತ್ತೇವೆಂದು. ಪಕ್ಕೆಯಲ್ಲಿ ಸೂಜಿಯ ಕಲೆಯಂಥ ಒಂದು ಚುಕ್ಕೆ. ಭಾವನ ಮೇಲೆ, ಆ ವಾಸ್ತುವಿನವನ ಮೇಲೆ, ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದ ಅಕ್ಕನ ಮೇಲೂ ಹೇಸಿಗೆಯಾಯಿತು. ಇವಳನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ, ಇನ್ನೊಂದು ಸಲ ದಿನ ಮುಂದೆ ಹಾಕಿದರೆ ಇವಳು ಉಳಿಯುವುದಿಲ್ಲ. ಬಗ್ಗಿ ಸ್ವಿಚ್ ಒತ್ತಿದೆ. ಮನೆ ಒಮ್ಮೆಲೇ ಸುಮ್ಮನಾಯಿತು. ಕಿಟಕಿಯ ಪರದೆಗಳನ್ನೂ ಪೂರ್ತಿ ಸರಿಸಿದೆ.

ಅಕ್ಕ ಎದ್ದಳು. ಶಾಲು ಮಡಚಿಟ್ಟು ಚಪ್ಪಲಿ ಹಾಕಿಕೊಂಡಳು. ಬ್ಯಾಗು ತಾನೇ ಎತ್ತಿಕೊಂಡಳು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನನ್ನ ಹತ್ತಿರ ಸರಿದು ಮೆಲ್ಲನೆ ಕೇಳಿದಳು:

"ನಾವು ಆಸ್ಪತ್ರೆಗೆ ಮುಟ್ಟುದರೊಳಗೆ ಸಾಯ್ತದಾ?"

ಸಾಯ್ತದೆ ಎಂದೆ.