ಎರಡನೇ ಸೆಟ್ಟರ್ ಮಕರಂದ

ಜುನೈದನಿಗೆ ನೆಗಡಿ ಕೂಡ ಬರುವುದಿಲ್ಲ. ಮೆಹಕರದ ಮಕರಂದನ ಹನ್ನೊಂದು ವರ್ಷಗಳ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸಬೇಕೆಂದರೆ ಇಷ್ಟು ಹೇಳಿದರೆ ಸಾಕು.

ಇಬ್ಬರೂ ಭಾಲ್ಕಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ವಾಲಿಬಾಲ್ ತಂಡದವರು. ಇಬ್ಬರೂ ಸೆಟ್ಟರ್‌ಗಳು, ಅಂದರೆ ಹೊಡೆಯುವವನಿಗೆ ಚೆಂಡನ್ನು ಹದವಾಗಿ ಎತ್ತಿಕೊಡುವವರು. ಚಪ್ಪಾಳೆ ಹೊಡೆದವನಿಗೆ ಬೀಳುತ್ತದೆ, ಆದರೆ ಆಟದ ಲಗಾಮು ಇರುವುದು ಎತ್ತಿಕೊಡುವವನ ಕೈಯಲ್ಲಿ. ಈ ತಂಡಕ್ಕೆ ಅಂಗಳದಲ್ಲಿ ಒಬ್ಬ ಸೆಟ್ಟರ್ ಸಾಕಿತ್ತು. ಆ ಒಬ್ಬ ಜುನೈದ. ಅವನಿಗೆ ಏನಾದರೂ ಆದರೆ ಇರಲಿ ಎಂದು ಬೆಂಚಿನ ಮೇಲೆ ಕೂರಿಸಿದ್ದು ಮಕರಂದನನ್ನು. ಜುನೈದನಿಗೆ ಏನೂ ಆಗಲಿಲ್ಲ.

ಒಮ್ಮೆ, ದಾವಣಗೆರೆಯಲ್ಲಿ, ಅವನ ಪಾದ ಉಳುಕಿತ್ತು. ಮಕರಂದ ಎದ್ದು, ಜಾಕೆಟ್ಟಿನ ಜಿಪ್ಪು ಅರ್ಧ ಎಳೆದು, ಎರಡು ಸಲ ಕುಪ್ಪಳಿಸಿ ಮೈ ಬಿಸಿ ಮಾಡಿಕೊಂಡ. ಅಷ್ಟರಲ್ಲಿ ಯಾರೋ ಸ್ಪ್ರೇ ಹೊಡೆದರು, ಜುನೈದ ಎದ್ದು ನಿಂತುಬಿಟ್ಟ. ಮಕರಂದ ಅವನ ಬೆನ್ನು ತಟ್ಟಿ ಮರಳಿ ಬಂದು ಕೂತ. ಗೆಳೆಯನ ಕಾಲು ನೆಟ್ಟಗಿದೆ ಎಂದು ತನಗೆ ಬೇಸರವಾಗಿದ್ದು ಗೊತ್ತಾದಾಗ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಹಾಗಾದರೆ ಅವನನ್ನು ಇಟ್ಟುಕೊಂಡಿದ್ದಾದರೂ ಯಾಕೆ? ಅದಕ್ಕೆ ಕಾರಣ ಕೋಚ್ ಗೌಸೋದ್ದೀನ ಮಾಸ್ತರರ ಒಂದು ಪದ್ಧತಿ. ಪಂದ್ಯಾವಳಿಗೆ ಒಂದು ತಿಂಗಳು ಇರುವಾಗಲೇ ಮಾಸ್ತರರು ಎದುರು ತಂಡಗಳ ವಿಡಿಯೊ ತರಿಸಿ ಮಕರಂದನ ಮೊಬೈಲಿಗೆ ಹಾಕುತ್ತಿದ್ದರು. ಅವನು ಅವರ ಸೆಟ್ಟರನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಯಾವಾಗ ಮೊಣಕಾಲು ಬಗ್ಗಿಸುತ್ತಾನೆ, ಚೆಂಡು ಹಿಂದಕ್ಕೆ ಎತ್ತುವ ಮುಂಚೆ ಸೊಂಟ ಎಷ್ಟು ತಿರುಗಿಸುತ್ತಾನೆ, ಎಲ್ಲವನ್ನೂ ಕಲಿತು ಅಭ್ಯಾಸದಲ್ಲಿ ಥೇಟ್ ಅವನ ಹಾಗೆಯೇ ಆಡಬೇಕು. ನಮ್ಮ ಹುಡುಗರ ಕಣ್ಣಿಗೆ ರೂಢಿಯಾಗಲಿ ಎಂದು ಎದುರಿನವರ ಬಣ್ಣದ, ಅವರದೇ ನಂಬರಿನ ಅಂಗಿಯನ್ನೂ ಮಾಸ್ತರರು ಅವನಿಗೆ ಹೊಲಿಸಿ ಹಾಕುತ್ತಿದ್ದರು. ಮಂಡ್ಯದವನಾಗಿ, ಧಾರವಾಡದವನಾಗಿ, ಕೋಲಾರದ ಎಡಗೈಯವನಾಗಿ ಮಕರಂದ ಹನ್ನೊಂದು ವರ್ಷ ಆಡಿದ. ಚಿದ್ರಿಯಲ್ಲಿದ್ದ ಅವನ ಬಾಡಿಗೆ ಮನೆಯ ಕಪಾಟಿನಲ್ಲಿ ಅಂಥ ಇಪ್ಪತ್ತು ಅಂಗಿಗಳಿದ್ದವು.

"ಎಲ್ಲಾರ ಹಂಗ ಆಡಿದ್ರಿ," ಎಂದು ಹೆಂಡತಿ ಸ್ನೇಹಲ ಒಂದು ದಿನ ಅವುಗಳನ್ನು ಮಡಿಚುತ್ತಾ ಅಂದಳು. "ನಿಮ್ಮ ಹಂಗ ಯಾವಾಗ ಆಡ್ತೀರಿ?"

ತನ್ನ ಹಾಗೆ ಅಂದರೆ ಹೇಗೆ ಎಂಬುದು ಅವನಿಗೂ ಮರೆತುಹೋಗಿತ್ತು.

ಬಿಡೋಣವೆಂದರೆ ಬಿಡುವ ಹಾಗಿರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಗೆ ಟೋಕನ್ ಕೊಡುವ ಹಂಗಾಮಿ ಕೆಲಸ ಸಿಕ್ಕಿದ್ದೇ ಆಟಗಾರನೆಂದು. ತಂಡ ಬಿಟ್ಟರೆ ಕೆಲಸವೂ ಹೋಗುತ್ತಿತ್ತು. ಒಮ್ಮೆ ಧೈರ್ಯ ಮಾಡಿ "ಸಾಕ್ರಿ ಸರ್, ಬಿಡ್ತೇನ್ರಿ" ಎಂದಿದ್ದ. ಮಾಸ್ತರರ ಕಣ್ಣಲ್ಲಿ ನೀರೇ ಬಂತು.

"ನೀ ಹೋದರ ಜುನೈದ ಯಾರ ಎದುರು ಆಡಿ ಕೈ ಪಳಗಸ್ತಾನ ಬೇಟಾ? ನಿನ್ನಂಥಾಂವ ಇಡೀ ಜಿಲ್ಲಾದಾಗ ಇಲ್ಲ."

ಹೊಗಳಿಕೆಯಿಂದಲೂ ಮನುಷ್ಯನನ್ನು ಕಟ್ಟಿಹಾಕಬಹುದು ಎಂಬುದು ಆವತ್ತು ಅವನಿಗೆ ಗೊತ್ತಾಯಿತು. ಮಾಸ್ತರರು ಕೆಟ್ಟವರಾಗಿದ್ದರೆ ಜಗಳವಾಡಿ ಹೊರಟುಬಿಡುತ್ತಿದ್ದನೋ ಏನೋ. ಅವರು ಒಳ್ಳೆಯವರು. ಅದೇ ತೊಂದರೆ.

ಹೋದ ವರ್ಷದ ಬೇಸಿಗೆಯಲ್ಲಿ ಮಾತ್ರ ಒಂದು ಬಾಗಿಲು ತೆರೆಯಿತು. ಔರಾದ ಸ್ನೇಹಲಳ ತವರೂರು. ಅಲ್ಲಿನ ಒಂದು ವಸತಿ ಶಾಲೆಯ ಹುಡುಗಿಯರಿಗೆ ಹತ್ತು ದಿನ ವಾಲಿಬಾಲ್ ಕಲಿಸಲು ಅವನನ್ನು ಕರೆದರು. ಹತ್ತನೆಯ ದಿನ ಒಬ್ಬಳು ಹುಡುಗಿ ಚೆಂಡನ್ನು ಬೆರಳ ತುದಿಯಲ್ಲಿ ಹೂವಿನಂತೆ ಎತ್ತಿ, ಸರಿ ಹೋಯಿತೇ ಎಂದು ಅವನ ಮುಖ ನೋಡಿದಳು. ಬೆಂಚಿನವನ ಮುಖವನ್ನು ಯಾರೂ ಹಾಗೆ ನೋಡಿರಲಿಲ್ಲ. ಅದೇ ಶಾಲೆಗೆ ಕಾಯಂ ಕೋಚ್ ಬೇಕೆಂಬ ಪ್ರಕಟಣೆ ಡಿಸೆಂಬರಿನಲ್ಲಿ ಹೊರಬಿತ್ತು. ಅರ್ಜಿಗೆ ಕೊನೆಯ ದಿನ ಫೆಬ್ರುವರಿ ಹದಿನೈದು. ವಯಸ್ಸು ಮೂವತ್ತೈದು ದಾಟಿರಬಾರದು. ಅವನಿಗೆ ಮಾರ್ಚಿನಲ್ಲಿ ದಾಟುತ್ತಿತ್ತು. ರಾಜ್ಯಮಟ್ಟದ ಪಂದ್ಯವೊಂದರಲ್ಲಿ ಅಂಗಳಕ್ಕಿಳಿದು ಆಡಿರಬೇಕು, ಅಂಕಪಟ್ಟಿಯ ನಕಲು ಲಗತ್ತಿಸಬೇಕು. ಬೆಂಚಿನ ಮೇಲೆ ಕೂತಿದ್ದು ಲೆಕ್ಕಕ್ಕಿಲ್ಲ. ಒಂದೇ ಒಂದು ಚೆಂಡು ಆಡಿದರೂ ನಡೆಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವನ ಬಳಿ ಆ ಒಂದು ಚೆಂಡೂ ಇರಲಿಲ್ಲ.

ಅವನು ಮಾಸ್ತರರಿಗೆ ಎಲ್ಲವನ್ನೂ ಬಿಚ್ಚಿ ಹೇಳಿದ. "ಈ ಸಲ ನಿನಗ ಇಳಸ್ತೇನಿ," ಎಂದರು ಅವರು. "ಜುಬಾನ್ ಕೊಟ್ಟೀನಿ, ಮಾತು ಅಂದ್ರ ಮಾತು."

ಅರ್ಜಿಯ ಗಡುವಿನೊಳಗೆ ಉಳಿದಿದ್ದ ಒಂದೇ ರಾಜ್ಯಮಟ್ಟದ ಪಂದ್ಯಾವಳಿ ಜನವರಿಯದು. ಅದು ನಡೆದದ್ದೂ ಔರಾದದಲ್ಲೇ. ಮೊದಲ ಪಂದ್ಯಗಳೆಲ್ಲ ಉಸಿರುಗಟ್ಟಿಸುವಂತೆ ನಡೆದವು. ಸೆಟ್ಟರನನ್ನು ಬದಲಿಸುವ ಮಾತೇ ಇರಲಿಲ್ಲ. ಮಾಸ್ತರರು ಪ್ರತಿ ಸಲವೂ ತಪ್ಪಿತಸ್ಥರಂತೆ ಅವನ ಕಡೆ ನೋಡಿ "ಮುಂದಿನ ಮ್ಯಾಚಿನಾಗ" ಎನ್ನುತ್ತಿದ್ದರು. ಹೀಗೆ ಮುಂದೂಡುತ್ತಾ ಹಾಸನದವರ ಜೊತೆಗಿನ ಫೈನಲ್ ಬಂತು. ಅಂದು ಬೆಳಿಗ್ಗೆ ಬೀದರ್ ಸೀಮೆಯ ಚಳಿ ಮೂಳೆ ಕೊರೆಯುತ್ತಿತ್ತು. ಕೊನೆಯ ಅಭ್ಯಾಸದಲ್ಲಿ ಮಕರಂದ ನೀಲಿ ಅಂಗಿ ತೊಟ್ಟು ಹಾಸನದ ಒಂಬತ್ತನೇ ನಂಬರಿನ ಸೆಟ್ಟರನಾಗಿ ಎರಡು ತಾಸು ಆಡಿದ. ಆಮೇಲೆ ಚಳಿಗೆ ಅದರ ಮೇಲೆಯೇ ಜಾಕೆಟ್ ಏರಿಸಿ ಕುತ್ತಿಗೆಯ ತನಕ ಜಿಪ್ಪು ಎಳೆದುಕೊಂಡ.

ಮಧ್ಯಾಹ್ನ ನಮ್ಮವರ ಆಟ ಬೆಂಕಿಯಂತಿತ್ತು. ಎರಡು ಸೆಟ್ ಗೆದ್ದು ಮೂರನೆಯದರಲ್ಲಿ ಇಪ್ಪತ್ನಾಲ್ಕು–ಹದಿನಾರು. ಇನ್ನೊಂದು ಅಂಕ ಬಂದರೆ ಕಪ್ ನಮ್ಮದು. ಮಾಸ್ತರರು ತಿರುಗಿ ನೋಡಿದರು.

"ಮಕರಂದ! ಏಳು!"

ಅವನು, ಹೊರಬರಬೇಕಾದ ಜುನೈದನ ಹನ್ನೆರಡನೇ ನಂಬರಿನ ಫಲಕ ಹಿಡಿದು ಗೆರೆಯ ಬಳಿಗೆ ಓಡಿದ. ಅಂಗಳದಿಂದ ಜುನೈದ ಹಲ್ಲು ಬಿಟ್ಟು ನಗುತ್ತಾ ಎರಡೂ ಕೈ ಚಾಚಿಕೊಂಡು ಬರುತ್ತಿದ್ದ. ಗ್ಯಾಲರಿಯಲ್ಲಿ ತಾಯಿಯ ಪಕ್ಕ ಕೂತಿದ್ದ ಸ್ನೇಹಲ ಎದ್ದು ನಿಂತದ್ದು ಕಂಡಿತು. ಮಕರಂದ ಜಿಪ್ಪು ಎಳೆದು ಜಾಕೆಟ್ ಕಳಚಿದ.

ಒಳಗೆ ನೀಲಿ ಅಂಗಿ. ಎದೆಯ ಮೇಲೆ ದೊಡ್ಡದಾಗಿ ಒಂಬತ್ತು.

ಗ್ಯಾಲರಿಗೆ ಗ್ಯಾಲರಿಯೇ ಗೊಳ್ಳೆಂದಿತು. ಹಾಸನದ ಆಟಗಾರನೊಬ್ಬ ನಮ್ಮ ಬೆಂಚಿನಿಂದ ಎದ್ದು ಬಂದ ಹಾಗಿತ್ತು. ಮುಂಚೆಲ್ಲ ಪಂದ್ಯಕ್ಕೆ ಮೊದಲು ತಪ್ಪದೆ ಅಂಗಿ ಬದಲಿಸುತ್ತಿದ್ದವನೇ ಅವನು. ಆದರೆ ಯಾರೂ ಕರೆಯದ ಹನ್ನೊಂದು ವರ್ಷಗಳಲ್ಲಿ, ಯಾವಾಗಲೋ, ಜಾಕೆಟ್ಟಿನ ಒಳಗೆ ಏನಿದೆ ಎಂದು ನೋಡುವುದನ್ನೇ ಬಿಟ್ಟಿದ್ದ. ಅವನ ಕೆಂಪು ಅಂಗಿ ತಂಡದ ಬಸ್ಸಿನಲ್ಲಿತ್ತು.

ರೆಫರಿ ತಲೆಯಾಡಿಸಿದರು. "ಆಗಲ್ಲ. ಹೋಗಿ. ಈ ಪಾಯಿಂಟ್ ಆಡಿ ಮುಗಿಸಲಿ, ಆಮೇಲೆ ಕೇಳಿ." ಜುನೈದ ಮರಳಿ ತನ್ನ ಜಾಗಕ್ಕೆ ಹೋದ.

"ಅಣ್ಣಾ, ನಾ ತರ್ತೇನಿ!" ಎಂದು ಬೆಂಚಿನಲ್ಲಿದ್ದ ಅಶ್ವಜಿತ ಬಸ್ಸಿನ ಕಡೆ ಓಟ ಕಿತ್ತ.

ಈ ಅಂಕ ನಮಗೆ ಬಂದರೆ ಪಂದ್ಯವೇ ಮುಗಿದಂತೆ. ಆಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಹೋದರೆ ಇನ್ನೊಂದು ಅವಕಾಶವಿತ್ತು, ಅಷ್ಟರಲ್ಲಿ ಅಂಗಿಯೂ ಬರುತ್ತಿತ್ತು. ಎಂಟು ಅಂಕಗಳ ಮುನ್ನಡೆಯಲ್ಲಿ ಒಂದು ಹೋದರೆ ತಂಡಕ್ಕೆ ಯಾವ ನಷ್ಟವೂ ಇರಲಿಲ್ಲ. ಬೆಂಚಿನ ಮುಂದೆ ನಿಂತ ಮಕರಂದ, ಜೀವನದಲ್ಲಿ ಮೊದಲ ಸಲ, ತನ್ನ ತಂಡ ಅಂಕ ಕಳೆದುಕೊಳ್ಳಲಿ ಎಂದು ಬೇಡಿಕೊಂಡ. ನಾಚಿಕೆ ಬಿಟ್ಟು ಬೇಡಿಕೊಂಡ. ಒಂದೇ ಒಂದು ಹೋಗಲಿ ದೇವರೇ, ಒಂದೇ.

ನಮ್ಮವರ ಸರ್ವ್ ಬಲೆ ದಾಟಿತು. ಹಾಸನದವರು ಚೆಂಡನ್ನು ಚೆನ್ನಾಗಿಯೇ ತಡೆದರು. ಚೆಂಡು ಎತ್ತರಕ್ಕೆ ಏರಿ ಅವರ ಒಂಬತ್ತನೇ ನಂಬರಿನವನ ನೆತ್ತಿಯ ಮೇಲೆ ಇಳಿಯತೊಡಗಿತು. ಅವರ ದೊಡ್ಡ ಹೊಡೆತಗಾರ ಮುಂದಿನಿಂದ ಓಡಿ ಬರುತ್ತಿದ್ದ. ನಮ್ಮ ಹುಡುಗರೆಲ್ಲ ಅವನ ಕಡೆಗೇ ಸರಿದರು. ಆಗ ಒಂಬತ್ತನೆಯವನ ಸೊಂಟ ಕೂದಲೆಳೆಯಷ್ಟು ಹಿಂದಕ್ಕೆ ಬಾಗಿತು.

"ಹಿಂದ!"

ಗಂಟಲು ಹರಿಯುವಂಥ ಕೂಗು. ಜುನೈದ ಮತ್ತು ಇನ್ನೊಬ್ಬ ಆ ದನಿ ಕೇಳಿದ್ದೇ ಗರಕ್ಕನೆ ತಿರುಗಿ ಇನ್ನೊಂದು ತುದಿಯಲ್ಲಿ ಜಿಗಿದರು. ಹಿಂದಕ್ಕೆ ಹೋದ ಚೆಂಡನ್ನು ಹಾಸನದವನು ಹೊಡೆದ. ಅದು ನಾಲ್ಕು ಅಂಗೈಗಳಿಗೆ ಬಡಿದು ಅವನ ಕಾಲ ಬುಡಕ್ಕೇ ಬಿತ್ತು. ಸೀಟಿ ಮೊಳಗಿತು. ಕೂಗಿದ್ದು ತಾನೇ ಎಂದು ಮಕರಂದನಿಗೆ ಗೊತ್ತಾಗಿದ್ದು ಆಮೇಲೆ.

ಅಂಗಳ ತುಂಬ ಜನ ನುಗ್ಗಿದರು. ಅಶ್ವಜಿತ ಕೆಂಪು ಅಂಗಿ ಹಿಡಿದು ಏದುಸಿರು ಬಿಡುತ್ತಾ ಬಂದು, ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತ. ಜುನೈದ ಮಕರಂದನ ಎದೆಗೆ ಮುಖ ಒತ್ತಿ ಅತ್ತುಬಿಟ್ಟ. ಅಳು ಗೆಲುವಿಗೋ ಗೆಳೆಯನಿಗೋ ಅವನಿಗೇ ಗೊತ್ತಿರಲಿಲ್ಲ. ಗೆದ್ದ ಅಮಲಿನಲ್ಲಿ ಕೊಟ್ಟ ಮಾತನ್ನೇ ಮರೆತ ಮಾಸ್ತರರು ಮಕರಂದನ ಎರಡೂ ಕೆನ್ನೆ ಹಿಡಿದು, "ನೀ ಇಲ್ಲದ ಹ್ಯಾಂಗ ಗೆಲ್ತಿದ್ವಿ ಬೇಟಾ? ನಿನಗ ಎಲ್ಲಿಗೂ ಬಿಡಂಗಿಲ್ಲ ನೋಡು!" ಎಂದು ಕೂಗಿದರು. ಮಕರಂದ ಎಲ್ಲರ ಹಾಗೆ ನಕ್ಕ. ಎಲ್ಲರ ಹಾಗೆ ಇರುವುದು ಅವನಿಗೆ ಬರುತ್ತಿತ್ತು.

ಸ್ನೇಹಲ ಗ್ಯಾಲರಿಯಿಂದ ಇಳಿದು ಬಂದಳು. ಸುತ್ತಲೂ ಡೊಳ್ಳು, ಪಟಾಕಿ. ಅವಳು ಅವನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು.

"ಯಾಕ ಕೂಗಿದ್ರಿ?"

ಮಕರಂದ ತನ್ನ ಅಂಗೈಗಳನ್ನು ನೋಡಿಕೊಂಡ.

"ಅಂವಾ ಹಿಂದ ಎತ್ತಾಂವ ಇದ್ದ, ಸ್ನೇಹಲ. ನನಗ ಕಂಡ್ತು," ಎಂದ. "ಕಂಡ ಮ್ಯಾಲ ಸುಮ್ಮ ಹ್ಯಾಂಗ ಇರ್ಲಿ?"