ಹಳ್ಳದಾಚೆಯ ಜಾಗ

ಪಂಚಾಯ್ತಿ ಅಧ್ಯಕ್ಷೆಯಾದ ಮೊದಲ ದಿನವೇ ಗಂಡನನ್ನು ಕುರ್ಚಿಯಿಂದ ಎಬ್ಬಿಸಿದವಳು ನಮ್ಮ ಜಯಮ್ಮ ದೊಡ್ಡವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ಹೆಂಡತಿ ಗೆದ್ದರೆ ಗಂಡ ಕೂರುವುದು ನಮ್ಮ ಕಡೆ ವಾಡಿಕೆ. ದೊಡ್ಡಪ್ಪನೂ ಇಸ್ತ್ರಿ ಶರಟು ತೊಟ್ಟು ಠೀವಿಯಿಂದ ಕೂತಿದ್ದ. "ಏಳಿ ಮ್ಯಾಕೆ. ಎಮ್ಮೆ ಕರ್ಯೋ ಒತ್ತಾಯ್ತು, ನಾನ್ ಬರೋದು ತಡ ಆಯ್ತದೆ" ಅಂದಳು. ಸೇರಿದ್ದವರೆಲ್ಲ ನಕ್ಕೆವು. ಅವತ್ತಿನಿಂದ ಡೈರಿಗೆ ಹಾಲು ಹಾಕುವ ಕೆಲಸ ದೊಡ್ಡಪ್ಪನದೇ ಆಯಿತು.

ನಮ್ಮ ಕೊಪ್ಪಲು ಆಗ ನಾಗಮಂಗಲ ತಾಲ್ಲೂಕಿನ ಕಟ್ಟಕಡೆಯಲ್ಲಿತ್ತು. ಹೊಲದ ಬದು ದಾಟಿದರೆ ಕೆ.ಆರ್. ಪೇಟೆ ತಾಲ್ಲೂಕು, ಪೇಟೆಯ ಬಸ್ಸು ಊರ ಬಾಗಿಲಿಗೇ ಬರುತ್ತಿತ್ತು. ಆದರೆ ಒಂದು ಜಾತಿ ಸರ್ಟಿಫಿಕೇಟಿಗೂ, ಮುದುಕರ ಪಿಂಚಣಿಗೂ ಎರಡು ಬಸ್ಸು ಹತ್ತಿಳಿದು ನಾಗಮಂಗಲಕ್ಕೇ ಅಲೆಯಬೇಕು. "ಕೊಪ್ಲನ್ನ ಪ್ಯಾಟೆಗೆ ಸೇರ್ಸೋಗಂಟ ನಾನು ಕಣ್ಮುಚ್ಚಾಕಿಲ್ಲ" ಎಂದು ದೊಡ್ಡವ್ವ ಹಟ ಹಿಡಿದಳು. ಊರಿಗೆ ಯಾವ ಸಾಹೇಬರು ಬಂದರೂ ಮೊದಲು ಮಜ್ಜಿಗೆ ಕೊಡುತ್ತಿದ್ದಳು, ಆಮೇಲೆ ಬೈಗುಳ.

ವರ್ಷಗಟ್ಟಲೆ ಅಲೆದ ಮೇಲೆ ಸರ್ವೆಯವರು ಬಂದರು. ನಾಗಮಂಗಲದಲ್ಲೇ ಉಳಿಯುವ, ಹಳ್ಳದಾಚೆಯ ಪಕ್ಕದೂರಿನವರೂ ಇದಕ್ಕೆ ಒಪ್ಪಬೇಕಿತ್ತು. "ಅಳ್ಳನೇ ಗಡಿ ಆಗ್ಲಿ, ಆಚೆ ಇರೋದೆಲ್ಲ ನಮ್ದು. ಅಂಗಾದ್ರೆ ನಮ್ ತಕರಾರಿಲ್ಲ" ಅಂದ ಅವರ ಯಜಮಾನ ಬೋರೇಗೌಡ.

ನಮ್ಮ ಸ್ಮಶಾನವಿದ್ದದ್ದು ಹಳ್ಳದಾಚೆ. ದೊಡ್ಡವ್ವನ ಒಬ್ಬಳೇ ಮಗಳು ಶೋಭಾ ಎಸ್ಸೆಸ್ಸೆಲ್ಸಿ ಓದುವಾಗ ಕಾಮಾಲೆಯಾಗಿ ತೀರಿಕೊಂಡಿದ್ದಳು; ಅವಳನ್ನು ಮಣ್ಣು ಮಾಡಿದ್ದೂ ಅಲ್ಲೇ. ಪ್ರತಿ ಪಿತೃಪಕ್ಷಕ್ಕೂ ದೊಡ್ಡವ್ವ ಸೀರೆ ಎತ್ತಿಕಟ್ಟಿ ಹಳ್ಳ ದಾಟಿ, ಮಗಳಿಗೆ ಇಷ್ಟದ ಕಡುಬು ಎಡೆಯಿಟ್ಟು ಬರುತ್ತಿದ್ದಳು. ಕೊನೆಗೆ ತನ್ನನ್ನೂ ಅವಳ ಮಗ್ಗುಲಿಗೇ ತರಬೇಕು ಎನ್ನುತ್ತಿದ್ದುದು ಎರಡೂ ಊರಿಗೆ ಗೊತ್ತಿತ್ತು. ಎಲ್ಲರೂ ಅವಳ ಮುಖ ನೋಡಿದೆವು. ಅವಳು ಹಳ್ಳದ ಕಡೆ ನೋಡಿ, ಸರ್ವೆಯವರತ್ತ ತಿರುಗಿದಳು. "ಬರ್ಕಳಿ" ಅಂದಳು.

ಮನೆಗೆ ಬರುವಾಗ ಕೇಳಿದೆ: "ಯಾಕ್ ದೊಡ್ಡವ್ವ ಅಂಗಂದ್ಬುಟ್ಟೆ?"

"ಬದ್ಕಿರೋರು ಅಲೀಬಾರ್ದು ಕಣ್ಲಾ. ನನ್ ಮಗಳು ಇನ್ನೆಲ್ಲಿಗೂ ಅಲೀಬೇಕಾಗಿಲ್ಲ."

ಅಷ್ಟು ಹೇಳಿ ಬದುವಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಬ್ಬಿಸಲು ಹೋದರೆ ನನ್ನ ಕೈ ಹಿಡಿದುಕೊಂಡಳು. "ನಾನ್ ಸತ್ತಾಗ ಜಾಗ ಕೊಡಿ ಅಂತ ಅವ್ರ ಮುಂದೆ ಓಗ್ಬ್ಯಾಡ. ಮಾತು ಕೊಟ್ಟಾಗೈತೆ."

ಕೊಪ್ಪಲು ಪೇಟೆಗೆ ಸೇರಿತು. ಅಲ್ಲಿಂದಾಚೆ ದೊಡ್ಡವ್ವ ಮಗಳ ಎಡೆಯನ್ನು ಈಚೆ ದಡದಲ್ಲೇ ಇಟ್ಟು, ಆಚೆ ನೋಡಿ ಕೈಮುಗಿದು ಬರುತ್ತಿದ್ದಳು.

ಹೋದ ವರ್ಷ ಅವಳೂ ಹೋದಳು. ಹೇಳಿದ್ದಳಲ್ಲ, ಯಾರನ್ನೂ ಕೇಳಲಿಲ್ಲ. ಈಚೆ ದಡದ ಹೊಸ ಸ್ಮಶಾನದಲ್ಲಿ ಮಣ್ಣು ಮಾಡಿದೆವು.

ಮೂರನೆಯ ದಿನ ಹಾಲು-ತುಪ್ಪ ಬಿಡುತ್ತಿದ್ದಾಗ ಬೋರೇಗೌಡ ಕೋಲೂರಿಕೊಂಡು ಬಂದ. ಪಾಂಡವಪುರದ ಮಗಳ ಮನೆಯಲ್ಲಿದ್ದವನಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಹಸಿ ಮಣ್ಣು ನೋಡಿ ಕೋಲನ್ನು ನೆಲಕ್ಕೆ ಕುಟ್ಟಿದ.

"ಇಲ್ಯಾಕ್ಲಾ ಆಕುದ್ರಿ? ಆ ಮಗಿನ ಮಗ್ಗುಲಿಗೆ ಇಷ್ಟು ವರ್ಷ ಯಾರ್ನೂ ಇಡಾಕ್ ಬುಟ್ಟಿಲ್ಲ ನಾನು. ಜಯವ್ವುನ್ಗೆ ಅಂತ ಮಡ್ಗಿದ್ದೆ. ಒಂದ್ ಮಾತು ಕೇಳ್ಬಾರ್ದಾಗಿತ್ತೇನ್ಲಾ?"